ಪಕ್ಕಕ್ಕೆ ಸರಿದ ಹನ್ನೊಂದು ಜನ

ಫುಸಾಯೆ ಖಾಲಿ ಚೌಕಟ್ಟಿಗೆ ಕರಿ ರಿಬ್ಬನ್ ಕಟ್ಟುತ್ತಿದ್ದಳು. ಮೂರು ಸಲ ಕಟ್ಟಿದಳು, ಮೂರು ಸಲವೂ ಗಂಟು ಜಾರಿತು. ಫೆಬ್ರವರಿಯ ಚಳಿಗೆ ಬೆರಳು ಮರಗಟ್ಟಿದ್ದವು. ಮೇಲಾಗಿ ಚಿತಾಗಾರದ ಅಂಗಳದಲ್ಲಿ ಅವಳ ಸುತ್ತ ನಿಂತಿದ್ದ ಹತ್ತು ಜನರೂ ಹೇಗೆ ಕಟ್ಟಬೇಕೆಂದು ಹೇಳಿಕೊಡುವವರೇ. ಕೈಹಾಕುವವರು ಒಬ್ಬರೂ ಇಲ್ಲ.

"ಒಳಗೆ ಫೋಟೊನೇ ಇಲ್ಲ, ರಿಬ್ಬನ್ ಯಾರಿಗಕ್ಕಾ?" ಎಂದ ಒನಿಜುಕಾ. ಒಂದು ಕಾಲಕ್ಕೆ ಲಾರಿ ಓಡಿಸುತ್ತಿದ್ದವನು, ಈಗ ಸೈಕಲ್ಲಿನಲ್ಲಿ ತಿರುಗಿ ಖಾಲಿ ಡಬ್ಬಿ ಆಯುತ್ತಾನೆ.

"ಪೇಪರಿನವನು ತರ್ತೀನಿ ಅಂದಿದಾನೆ."

"ಪೇಪರಿನವನಾ? ಹಂಗಾದ್ರೆ ಬಂದಂಗೇ ಬಿಡು."

ಫುಸಾಯೆ ಮತ್ತೆ ರಿಬ್ಬನ್ನಿಗೆ ಕೈಹಾಕಿದಳು. ಅವಳಿಗೂ ಅಷ್ಟೇನೂ ನಂಬಿಕೆಯಿರಲಿಲ್ಲ. ಆದರೆ ಬೇರೆ ದಾರಿ ಎಲ್ಲಿತ್ತು? ಕುವಾಬಾರಾ ಮಂಗಳವಾರ ಯೊದೊ ನದಿಯ ಸೇತುವೆಯ ಕೆಳಗೆ, ತನ್ನ ನೀಲಿ ಟಾರ್ಪಾಲಿನ ಗುಡಿಸಲಲ್ಲಿ, ಮಲಗಿದ್ದಲ್ಲೇ ಹೋಗಿಬಿಟ್ಟಿದ್ದ. ಎಪ್ಪತ್ತಮೂರು ವರ್ಷ. ವಾರ್ಡ್ ಕಚೇರಿಯವರು ಒಂದು ಸಾದಾ ಪೆಟ್ಟಿಗೆ ಕೊಟ್ಟು, ಮಧ್ಯಾಹ್ನ ಒಂದು ಗಂಟೆಗೆ ಸುಡುವ ಹೊತ್ತು ಗೊತ್ತುಮಾಡಿ ಕೈತೊಳೆದುಕೊಂಡಿದ್ದರು. ಪೇಟೆಯ ಹಿಂದಿನ ಗುಡಿಯ ಭಿಕ್ಷು ತಾನಾಗಿಯೇ ಬಂದು ಮಂತ್ರ ಹೇಳಿ, ಇನ್ನೊಂದು ಸಾವಿನ ಮನೆಗೆ ಹೊರಟುಹೋಗಿದ್ದ. ಧೂಪವಿತ್ತು, ಬಿಳಿ ಸೇವಂತಿಗೆಯಿತ್ತು, ಬಟ್ಟಲಲ್ಲಿ ಅನ್ನವನ್ನು ಗುಡ್ಡೆಯಾಗಿ ಒತ್ತಿ ಊಟದ ಕಡ್ಡಿ ನೆಟ್ಟದ್ದೂ ಆಗಿತ್ತು. ಇಲ್ಲದ್ದು ಮುಖವೊಂದೇ. ಸತ್ತವನ ಮುಖ ಎದುರಿಗಿಲ್ಲದೆ ಯಾವುದಕ್ಕೆ ತಲೆಬಾಗುವುದು? ಸೇತುವೆಯ ಕೆಳಗೆ ಒಟ್ಟಿಗೆ ಬದುಕಿದ ಈ ಹನ್ನೆರಡು ವರ್ಷದಲ್ಲಿ ಆ ಮನುಷ್ಯನ ಫೋಟೊ ತೆಗೆದವನು ಒಬ್ಬನೇ. ಆ ಫೋಟೊ ಪತ್ರಿಕೆಯಲ್ಲಿ ಬಂದಾಗ ಅದರಲ್ಲಿ ಮುಖವಿರಲಿಲ್ಲ.

* * *

ಮೂರು ವರ್ಷದ ಹಿಂದಿನ ಒಂದು ಸೋಮವಾರ. ಭಾನುವಾರ ಬಂತೆಂದರೆ ಊರಿನ ಮರ್ಯಾದಸ್ಥರೆಲ್ಲ ಸಂಸಾರ ಸಮೇತ ನದಿದಂಡೆಗೆ ಬಂದು, ಮಾಂಸ ಸುಟ್ಟು ತಿಂದು, ಬಿಯರ್ ಕುಡಿದು, ತಟ್ಟೆ, ಎಲುಬು, ಇದ್ದಿಲು ಎಲ್ಲವನ್ನೂ ಹುಲ್ಲಿನ ಮೇಲೆ ಬಿಟ್ಟು ಹೋಗುತ್ತಿದ್ದರು. ಸೋಮವಾರ ಬೆಳಗ್ಗೆ ಕುವಾಬಾರಾ ಪೊರಕೆ ಹಿಡಿಯುತ್ತಿದ್ದ. ಮಾಡೆಂದು ಯಾರೂ ಹೇಳಿರಲಿಲ್ಲ. ನಲವತ್ತು ವರ್ಷ ಗೋಡೆಗಳಿಗೆ ಗಾರೆ ಮೆತ್ತಿದವನು. ಕೆಲಸ ಮುಗಿದ ಮೇಲೆ ಜಾಗ ಗುಡಿಸದೆ ಎದ್ದುಹೋಗುವುದು ಅವನಿಗೆ ಗೊತ್ತಿರಲಿಲ್ಲ.

"ಕಂಡೋರ ಎಂಜಲು ನೀನ್ಯಾಕಣ್ಣ ಬಳೀಬೇಕು?" ಎಂದು ಫುಸಾಯೆ ಎಷ್ಟೋ ಸಲ ರೇಗಿದ್ದಳು.

"ನಮ್ಮನೆ ಬಾಗಿಲಲ್ವೇನಮ್ಮ," ಎನ್ನುತ್ತಿದ್ದ ಅವನು.

ಆ ಸೋಮವಾರ ಹದಿನಾಲ್ಕು ಚೀಲ ತುಂಬಿ, ಬಾಯಿ ಕಟ್ಟಿ, ಸುಸ್ತಾಗಿ ಚೀಲಗಳಿಗೇ ಒರಗಿದವನಿಗೆ ನಿದ್ದೆ ಹತ್ತಿತು. ಸರಿಯಾಗಿ ಆ ಹೊತ್ತಿಗೇ ಕ್ಯಾಮೆರಾದವನೊಬ್ಬ ಬಂದ. ಫುಸಾಯೆ ಅಕ್ಕಿ ತೊಳೆಯುತ್ತಾ ದೂರದಿಂದ ನೋಡಿದಳು. ಎಬ್ಬಿಸಿ ಮಾತಾಡಿಸುತ್ತಾನೆ ಅಂದುಕೊಂಡಳು. ಅವನು ಎಬ್ಬಿಸಲಿಲ್ಲ. ಬುಧವಾರ ಪತ್ರಿಕೆಯಲ್ಲಿ ಬಂತು: 'ಕಸದ ಕೊಂಪೆಯಾದ ನದಿದಂಡೆ, ಬೇಸತ್ತ ನಿವಾಸಿಗಳು.' ಚಿತ್ರದಲ್ಲಿ ಚೀಲಗಳ ರಾಶಿ, ನಡುವೆ ಬಿದ್ದುಕೊಂಡಿರುವ ಮನುಷ್ಯ. ಪೊರಕೆ ಇದ್ದ ಭಾಗವನ್ನು ಕತ್ತರಿಸಿದ್ದರು. ಮುಖವನ್ನು ಮಸುಕು ಮಾಡಿದ್ದರು.

ಫುಸಾಯೆಗೆ ಮೈಯೆಲ್ಲ ಉರಿದುಹೋಯಿತು. ಈಗಲೇ ಪತ್ರಿಕೆಯ ಆಫೀಸಿಗೆ ನಡಿ ಎಂದು ಹಟ ಹಿಡಿದಳು. ಕುವಾಬಾರಾ ಹಸಿ ಗಾರೆ ನಯಮಾಡುವವನ ಹಾಗೆ ಆ ಚಿತ್ರವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸವರಿದ.

"ಮುಖ ಅಳಿಸಿದ್ದು ನನ್ನ ಮಾನ ಕಾಯೋಕಂತೆ. ಕಸ ಮಾತ್ರ ಚೆನ್ನಾಗಿ ಬಂದಿದೆ ನೋಡು," ಎಂದ.

ಆಮೇಲೆ ಆದದ್ದೇನು? ಹೇಗಿದ್ದರೂ ಅದು ಕಸದ ಕೊಂಪೆ ತಾನೇ ಎಂದು ಊರವರು ಮುರಿದ ಕುರ್ಚಿ, ಕೆಟ್ಟ ಟೀವಿಗಳನ್ನೂ ತಂದು ಸುರಿಯತೊಡಗಿದರು. ಕುವಾಬಾರಾ ಅವನ್ನೂ ಎತ್ತಿ ದಾರಿಯ ಪಕ್ಕ ಒಪ್ಪವಾಗಿ ಜೋಡಿಸಿಟ್ಟ. ಫುಸಾಯೆ ಎರಡು ದಿನ ಅವನ ಜೊತೆ ಮಾತು ಬಿಟ್ಟಳು.

* * *

ಹನ್ನೆರಡೂವರೆಗೆ ಇಗಾರಾಶಿ ಬಂದ. ಇನ್ನೂ ಮೂವತ್ತು ದಾಟಿರದ ವರದಿಗಾರ, ಕರಿ ಸೂಟು, ಕೊರಳಲ್ಲಿ ಕ್ಯಾಮೆರಾ. ಫುಸಾಯೆ ಪತ್ರಿಕೆಯ ಆಫೀಸಿಗೆ ಆರು ಸಲ ಫೋನು ಮಾಡಿ, ಅವರನ್ನು ಕೇಳಿ ಇವರನ್ನು ಕೇಳಿ ಎನ್ನಿಸಿಕೊಂಡು, ಕೊನೆಗೆ ಹಿಡಿದ ಆಸಾಮಿ. ಆ ಫೋಟೊ ತೆಗೆದವನು ಇವನೇ. ಮೂಲ ಫೋಟೊ ಕೊಡುತ್ತೇನೆ, ಅಂತ್ಯಕ್ರಿಯೆಯ ಬಗ್ಗೆ ಬರೆಯಲು ಬಿಡಬೇಕು ಎಂದಿದ್ದ. ಫುಸಾಯೆಯೂ ಷರತ್ತು ಹಾಕಿದ್ದಳು. ಹೆಸರು ಬರೆಯಬೇಕು, ದಂಡೆ ಗುಡಿಸುತ್ತಿದ್ದ ಅಂತ ಬರೆಯಬೇಕು, ಕಳಿಸಿಕೊಡಲು ಹನ್ನೊಂದು ಜನ ಬಂದಿದ್ದರು ಅಂತ ಬರೆಯಬೇಕು.

ಲಕೋಟೆ ಬಿಚ್ಚಿದಳು. ಎಲ್ಲವೂ ಇತ್ತು. ಬಾಯಿ ಕಟ್ಟಿದ ಚೀಲಗಳು, ತೊಡೆಯ ಮೇಲೆ ಅಡ್ಡಲಾಗಿ ಪೊರಕೆ, ಮುಖ. ಬಾಯಿ ಸ್ವಲ್ಪ ತೆರೆದಿತ್ತು, ಕಣ್ಣು ಮುಚ್ಚಿತ್ತು.

"ನಿದ್ದೆ ಮಾಡ್ತಿದಾನಲ್ಲೋ," ಎಂದರು ಯಾರೋ.

"ಇರ್ಲಿ ಬಿಡು, ಇವತ್ತೂ ಅದನ್ನೇ ಮಾಡ್ತಿದಾನೆ," ಎಂದ ಒನಿಜುಕಾ. ಎಲ್ಲರೂ ನಕ್ಕರು. ನಗುತ್ತಲೇ ಒನಿಜುಕಾ ಟೋಪಿ ತೆಗೆದು ಅದರಲ್ಲೇ ಮುಖ ಒರೆಸಿಕೊಂಡ.

ಚೌಕಟ್ಟು ಚಿಕ್ಕದಾಯಿತು. ಮುಖವಿರುವಷ್ಟನ್ನೇ ಕತ್ತರಿಸಿಕೊಂಡರೆ ಕೂರುತ್ತದೆ ಎಂದು ಇಗಾರಾಶಿ ಸಲಹೆ ಕೊಟ್ಟ. ಚೀಲದಿಂದ ಕತ್ತರಿಯನ್ನೂ ತೆಗೆದ. ಫುಸಾಯೆ ಅವನನ್ನು ದುರುಗುಟ್ಟಿ ನೋಡಿದಳು.

"ಒಂದ್ಸಲ ಕತ್ತರಿಸಿದ್ದು ಸಾಲದೇನಪ್ಪ ನಿನಗೆ?"

ಚೌಕಟ್ಟನ್ನು ಕೈಚೀಲಕ್ಕೆ ತುರುಕಿ, ಫೋಟೊವನ್ನು ಒಂದು ರಟ್ಟಿಗೆ ಅಂಟಿಸಿ, ರಿಬ್ಬನ್ನನ್ನು ಅದಕ್ಕೇ ಕಟ್ಟಿದಳು. ಈ ಸಲ ಗಂಟು ನಿಂತಿತು.

ಪೆಟ್ಟಿಗೆ ಒಳಗೆ ಹೋದ ಮೇಲೆ ಎರಡು ಗಂಟೆ ಕಾಯಬೇಕಾಯಿತು. ಅನ್ನದ ಉಂಡೆ ತಿನ್ನುತ್ತಾ ಒಬ್ಬೊಬ್ಬರೂ ಇಗಾರಾಶಿಗೆ ಹೇಳಿದ್ದೇ ಹೇಳಿದ್ದು. ಕುವಾಬಾರಾ ಒಂದು ತೊಟ್ಟೂ ಕುಡಿಯುತ್ತಿರಲಿಲ್ಲ, ಕೆಂಪು ಕಾಳಿನ ಸಿಹಿ ಹೂರಣದ ಬನ್ನು ಕಂಡರೆ ಪ್ರಾಣ. ಸೇತುವೆಯಾಚೆಯ ಸ್ನಾನದ ಮನೆಯ ಗೋಡೆ ಅವನೇ ಮೆತ್ತಿದ್ದು. ಹಾದುಹೋಗುವಾಗಲೆಲ್ಲ ಅದನ್ನೊಮ್ಮೆ ತಟ್ಟಿ ನೋಡಿಯೇ ಮುಂದೆ ಹೋಗುವನು. ರೇಡಿಯೋದಲ್ಲಿ ಬೇಸ್‌ಬಾಲ್ ಬಂದರೆ ಒನಿಜುಕಾನ ಜೊತೆ ಜಗಳ ಗ್ಯಾರಂಟಿ. ಇಗಾರಾಶಿ ಎಲ್ಲವನ್ನೂ ಬರೆದುಕೊಂಡ. ಬನ್ನಿನ ಒಳಗೆ ಏನಿರಬೇಕಿತ್ತು ಎಂದು ಕೇಳಿಯೂ ಬರೆದುಕೊಂಡ.

ಬೂದಿಯ ತಟ್ಟೆ ಹೊರಬಂದಾಗ ಬಿದಿರಿನ ಕಡ್ಡಿ ಹಿಡಿದು ಇಬ್ಬಿಬ್ಬರಾಗಿ ನಿಂತರು. ಎಲುಬನ್ನು ಒಬ್ಬರೇ ಎತ್ತುವಂತಿಲ್ಲ, ಇಬ್ಬರ ಕಡ್ಡಿಗಳೂ ಒಟ್ಟಿಗೆ ಹಿಡಿದು ಭರಣಿಗೆ ಹಾಕಬೇಕು. ಪಾದದಿಂದ ಶುರು, ಭರಣಿಯೊಳಗೆ ಸತ್ತವನು ತಲೆಕೆಳಗಾಗಬಾರದಲ್ಲ. ಐದು ಜೋಡಿ ಮುಗಿಯಿತು. ಕೊನೆಯಲ್ಲಿ ಎತ್ತಬೇಕಾದ ಕಂಠದ ಎಲುಬು ಉಳಿಯಿತು, ಫುಸಾಯೆಯೂ ಉಳಿದಳು. ಹನ್ನೊಂದು ಜನರಲ್ಲಿ ಒಬ್ಬರಿಗೆ ಜೊತೆ ಸಿಗುವುದಿಲ್ಲ ಎಂಬುದು ಯಾರಿಗೂ ಹೊಳೆದಿರಲಿಲ್ಲ. ಗೋಡೆಗೆ ಆತುಕೊಂಡಿದ್ದ ಇಗಾರಾಶಿಯತ್ತ ಅವಳು ಕಡ್ಡಿ ಚಾಚಿದಳು.

"ನಾನು ಕೆಲಸದ ಮೇಲೆ ಬಂದವನು," ಎಂದ ಅವನು.

"ಇದೂ ಕೆಲಸಾನೇ. ಬಾ."

ಅವನ ಕಡ್ಡಿ ಎರಡು ಸಲ ಜಾರಿತು. ಎಲುಬು ಬಿದ್ದೀತೆಂದು ಎಲ್ಲರೂ ಉಸಿರು ಬಿಗಿಹಿಡಿದರು. ಬೀಳಲಿಲ್ಲ. ಭರಣಿಯ ಮುಚ್ಚಳ ಹಾಕುವಾಗ ಇಗಾರಾಶಿಯ ಕಣ್ಣು ಕೆಂಪಾಗಿದ್ದವು. ಇವನು ಬರೆಯುತ್ತಾನೆ, ಎಂದುಕೊಂಡಳು ಫುಸಾಯೆ. ಮೂರು ವರ್ಷದ ಸಿಟ್ಟಿನಲ್ಲಿ ಅರ್ಧ ಅಲ್ಲೇ ಇಳಿಯಿತು.

ಹೊರಗೆ ಮೂರೂವರೆಯ ಬಿಸಿಲು ಓರೆಯಾಗಿತ್ತು. ಬಿಳಿ ಬಟ್ಟೆಯಲ್ಲಿ ಸುತ್ತಿದ ಭರಣಿಯನ್ನು ಕಲ್ಲಿನ ಬೆಂಚಿನ ಮೇಲಿಟ್ಟು ಎಲ್ಲರೂ ಸುತ್ತ ಸೇರಿದರು. ಒನಿಜುಕಾ ಟೋಪಿ ನೇರಮಾಡಿಕೊಂಡ. ಇಗಾರಾಶಿ ಕ್ಯಾಮೆರಾ ಎತ್ತಿದ, ನೋಡಿದ, ಇಳಿಸಿದ.

"ಕ್ಷಮಿಸಿ, ಸ್ವಲ್ಪ ಪಕ್ಕಕ್ಕೆ ಸರೀತೀರಾ?"

ಸರಿದರು. ಇದೇ ನೋಡಿ ಅವರ ಕರ್ಮ. ಸ್ಟೇಷನ್ನಿನ ಕಾವಲುಗಾರ, ಪಾರ್ಕಿನ ಸಿಬ್ಬಂದಿ, ಅಂಗಡಿಯವನು, ಪೊಲೀಸಿನವನು, ಯಾರೇ ಆ ಮಾತು ಹೇಳಲಿ, ಯಾಕೆ ಎಂದು ಬಾಯಿ ಕೇಳುವ ಮೊದಲೇ ಕಾಲು ಹೊರಟುಬಿಡುತ್ತದೆ. ಹನ್ನೊಂದು ಜನವೂ ತಲೆತಗ್ಗಿಸಿ, ಕ್ಷಮಿಸಿ ಕ್ಷಮಿಸಿ ಎನ್ನುತ್ತಾ ಕ್ಯಾಮೆರಾದ ಹಿಂದೆ ಹೋಗಿ ಸಾಲಾಗಿ ನಿಂತರು. ಫುಸಾಯೆಯೂ ಹೋದಳು. ಎದೆಗೆ ಅವಚಿಕೊಂಡಿದ್ದ ಕುವಾಬಾರಾನ ಫೋಟೊವನ್ನೂ ತನ್ನ ಜೊತೆ ಪಕ್ಕಕ್ಕೆ ಕರೆದುಕೊಂಡೇ ಹೋದಳು. ಕ್ಯಾಮೆರಾ ಎರಡು ಸಲ ಸದ್ದು ಮಾಡಿತು. ಇನ್ನು ನಮ್ಮನ್ನು ಕರೆಯುತ್ತಾನೆ ಎಂದು ಕಾದರು. ಅವನು ಗಡಿಯಾರ ನೋಡಿಕೊಂಡು, ಆಳವಾಗಿ ಬಾಗಿ ನಮಸ್ಕರಿಸಿದ.

"ಎಲ್ಲಾ ಬರ್ಕೊಂಡಿದೀನಿ, ಫುಸಾಯೆ-ಸಾನ್. ಮೇಲಿನವರು ಎಷ್ಟು ಉಳಿಸ್ತಾರೋ ನೋಡ್ಬೇಕು," ಎಂದು ಹೇಳಿ ಹೊರಟ.

ಅವನು ಗೇಟು ದಾಟಿದ ಮೇಲೆ ಒನಿಜುಕಾ ಕೇಳಿದ, "ನಮ್ದು ಯಾವಾಗ ತೆಗೆದ?"

ಫುಸಾಯೆ ಗೇಟಿನತ್ತ ನೋಡಿದಳು, ಆಮೇಲೆ ತನ್ನ ಕಾಲಿನತ್ತ. ಬೈಯಬೇಕಾದದ್ದು ಅವನನ್ನೋ ತನ್ನ ಕಾಲನ್ನೋ ತಿಳಿಯಲಿಲ್ಲ.

* * *

ಮರುದಿನ ಬೆಳಗ್ಗೆ ಸ್ಟೇಷನ್ನಿನ ಕಸದ ಬುಟ್ಟಿಯಿಂದ ಒನಿಜುಕಾ ಪತ್ರಿಕೆ ತಂದ. ಫುಸಾಯೆಯ ಮಡಿಲಿಗೆ ಹಾಕಿ, ನದಿಯ ಕಡೆ ಮುಖ ತಿರುಗಿಸಿ ಕೂತ.

'ನಂಟಿಲ್ಲದ ಸಾವು: ಬೀಳ್ಕೊಡಲು ಒಬ್ಬರೂ ಇರಲಿಲ್ಲ.' ಕೆಳಗೆ ಹದಿನೈದು ಸಾಲು. ನಿರ್ಗತಿಕ ವೃದ್ಧ ಎಂದಿತ್ತು, ಹೆಸರಿರಲಿಲ್ಲ. ಸಮಾಜ ಯೋಚಿಸಬೇಕಾದ ಸಮಯ ಎಂದಿತ್ತು, ಪೊರಕೆಯ ಸುದ್ದಿಯಿರಲಿಲ್ಲ.

"ಹಂಗಾದ್ರೆ ನಿನ್ನೆ ಅಲ್ಲಿ ನಿಂತಿದ್ದೋರು ಯಾರಕ್ಕಾ?" ಎಂದ ಒನಿಜುಕಾ, ತಿರುಗಿ ನೋಡದೆ. "ದೆವ್ವಗಳಾ?"

ಅವಳು ಪತ್ರಿಕೆಯನ್ನು ಒಲೆಗೆ ಹಾಕಲೆಂದು ಮುದುರತೊಡಗಿದಳು. ಅರ್ಧ ಮುದುರಿದವಳು ನಿಲ್ಲಿಸಿ, ಮತ್ತೆ ಮೊಣಕಾಲಿನ ಮೇಲೆ ಹರವಿ ಅಂಗೈಯಿಂದ ಸವರಿದಳು. ಚಿತ್ರದಲ್ಲಿ ಬೆಂಚು, ಬೆಂಚಿನ ಮೇಲೆ ಒಂಟಿಯಾಗಿ ಬಿಳಿ ಗಂಟು, ಅದರ ಮುಂದೆ ಜಲ್ಲಿ ಹಾಸಿದ ನೆಲ. ನಿನ್ನೆಯ ಆ ಇಳಿಬಿಸಿಲು ಅವರೆಲ್ಲರ ಬೆನ್ನಿಗಿತ್ತು. ಚಿತ್ರದ ಕೆಳಗಂಚಿನಿಂದ ಎದ್ದು ಜಲ್ಲಿಯ ಮೇಲೆ ಉದ್ದಕ್ಕೆ ಚಾಚಿದ್ದವು ನೆರಳುಗಳು. ಹೆಬ್ಬೆರಳಿಟ್ಟು ಎಣಿಸಿದಳು. ಟೋಪಿ ಇದ್ದದ್ದು ಒನಿಜುಕಾ. ಅದರ ಪಕ್ಕದ ಗಿಡ್ಡದ್ದು ಅವಳು. ಹನ್ನೊಂದು. ಅವೆಲ್ಲಕ್ಕಿಂತ ಮುಂದೆ, ಕ್ಯಾಮೆರಾ ಹಿಡಿದು ಎರಡೂ ಮೊಣಕೈ ಎತ್ತಿ ನಿಂತ ಇನ್ನೊಂದು ನೆರಳು. ಅದರ ತಲೆ ಬಿಳಿ ಬಟ್ಟೆಯನ್ನು ಮುಟ್ಟಿತ್ತು.