ಬಾಗಿಲ ಪಕ್ಕದ ಸೀಟು

ದೇಶದ ರಾಜಧಾನಿಯ ಜನಕಪುರಿಯಿಂದ ಸರ್ಕಾರಿ ಕಚೇರಿಗಳಿಗೆ ಹೋಗುವ, ನೌಕರರೇ ತಿಂಗಳ ಬಾಡಿಗೆಗೆ ಗೊತ್ತುಮಾಡಿಕೊಂಡ ನಮ್ಮ ಚಾರ್ಟರ್ಡ್ ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟು ಏಳು ವರ್ಷದಿಂದ ನನ್ನದು. ಆ ಸೀಟಿನವನಿಗೆ ಒಂದು ಕೆಲಸ ತಾನಾಗಿಯೇ ಅಂಟಿಕೊಂಡಿತ್ತು. ಸ್ಟಾಪಿನಲ್ಲಿ ಬಸ್ಸು ನಿಧಾನವಾಗುತ್ತಿತ್ತೇ ಹೊರತು ನಿಲ್ಲುತ್ತಿರಲಿಲ್ಲ. ಓಡುವ ಬಸ್ಸಿನಿಂದಲೇ ಜನ ಇಳಿಯುತ್ತಿದ್ದರು. ಕೊನೆಯವರು ಇಳಿದರೆ ನಾನು ಬಾಗಿಲ ಬದಿಯ ತಗಡಿಗೆ ಎರಡು ಏಟು ಬಡಿಯಬೇಕು. ಏಟು ಕೇಳಿದರೆ ಡ್ರೈವರ್ ಸತ್ಬೀರ್ ಹಿಂದೆ ನೋಡದೆ ಗಾಡಿ ಓಡಿಸುತ್ತಿದ್ದ.

2006ರ ಆಗಸ್ಟಿನಲ್ಲಿ ಒಂದು ಬೆಳಿಗ್ಗೆ, ಕೃಷಿ ಭವನದ ಸ್ಟಾಪಿನಲ್ಲಿ, ಅಲ್ಲೇ ಕೆಲಸ ಮಾಡುತ್ತಿದ್ದ, ನಮ್ಮ ಬಸ್ಸಿನ ಲೀಲಾವತಿಯವರ ಒಂದು ಕಾಲು ಇನ್ನೂ ಮೆಟ್ಟಿಲ ಮೇಲಿದ್ದಾಗಲೇ ನಾನು ಬಡಿದೆ. ತಡವಾದರೆ ಹಾಜರಿ ಪುಸ್ತಕ ಸಾಹೇಬರ ಕೋಣೆಗೆ ಹೋಗಿಬಿಡುತ್ತದೆ ಎಂಬುದಷ್ಟೇ ನನ್ನ ತಲೆಯಲ್ಲಿತ್ತು. ಬಸ್ಸು ಮುನ್ನುಗ್ಗಿತು, ಆಕೆ ಬಿದ್ದು ಸೊಂಟದ ಮೂಳೆ ಮುರಿಯಿತು.

ನನ್ನ ಸೆಕ್ಷನ್ನಿನ ಕೆಲಸವೇನು ಗೊತ್ತೇ? ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರ, ಗಾಯಗೊಂಡವರ ಪಟ್ಟಿ ಮಾಡುವುದು. ಲೀಲಾವತಿಯವರದು ಪೊಲೀಸ್ ಕೇಸ್ ಆಗಲಿಲ್ಲ, ಹಾಗಾಗಿ ಯಾವ ಪಟ್ಟಿಗೂ ಸೇರಲಿಲ್ಲ. ಜಾರಿ ಬಿದ್ದರು ಎಂದರು ಬಸ್ಸಿನವರು. ನಾನು ಬಾಯಿ ಮುಚ್ಚಿಕೊಂಡಿದ್ದೆ.

ಜನವರಿಯಲ್ಲಿ ನನ್ನ ಹೆಂಡತಿ ಉಷಾ ಸುದ್ದಿ ತಂದಳು. "ಲೀಲಾವತಿ ಸೋಮವಾರದಿಂದ ಡ್ಯೂಟಿಗೆ ಬರ್ತಾರಂತೆ ರೀ, ಕೋಲು ಹಿಡ್ಕೊಂಡು. ರಜೆ ಎಲ್ಲಾ ಮುಗೀತಂತೆ. ಬಸ್ಸು ಇಳಿಯೋಕಾಗ್ಲಿಲ್ಲ ಅಂದ್ರೆ ಕೆಲಸ ಬಿಡೋದೇ ಅಂದ್ರು. ಆ ಮನೇಲಿ ದುಡಿಯೋರು ಅವರೊಬ್ರೇ."

ಶುಕ್ರವಾರ ಸತ್ಬೀರನಿಗೆ ಹೇಳಿದೆ, ಇನ್ನು ಮೇಲೆ ಪೂರ್ತಿ ನಿಲ್ಲಿಸು ಎಂದು.

"ಬ್ರೇಕ್ ಹಾಕ್ತೀನಲ್ಲ ಬಾಬೂಜಿ, ಇನ್ನೇನು ಆರತಿ ಎತ್ಲಾ?" ಎಂದು ಹಿಂದಿಯಲ್ಲಿ ಹೇಳಿ ನಕ್ಕ.

ಹಿಂದಿನ ಸೀಟಿನಲ್ಲಿ ಇಸ್ಪೀಟು ಆಡುತ್ತಿದ್ದ ನಮ್ಮ ಚಂದ್ರಮೋಹನ, "ಶಂಕರಪ್ಪನವರೇ, ಸ್ಟಾಪಿಗೊಂದ್ಸಲ ನಿಂತ್ರೆ ನಾವು ಆಫೀಸ್ ಸೇರೋದು ಮಧ್ಯಾಹ್ನದ ಊಟಕ್ಕೆ" ಎಂದ. ಎಲ್ಲರೂ ನಕ್ಕರು.

"ನಿನ್ನ ಹೆಂಡ್ತಿ ಬಿದ್ದಿದ್ರೂ ಹೀಗೇ ಹಲ್ಲು ಕಿರೀತಿದ್ಯಾ?" ಎಂದು ಕೂಗಿದೆ. ನಗು ನಿಂತಿತು. ಬಸ್ಸು ನಿಲ್ಲಲಿಲ್ಲ.

ಸೋಮವಾರ ಲೀಲಾವತಿ ಮುಂದಿನ ಸೀಟಿನಲ್ಲಿ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ಕೃಷಿ ಭವನ ಬಂತು. ಬಸ್ಸು ಎಂದಿನಂತೆ ತೆವಳತೊಡಗಿತು. ನಾನು ಕೆಳಗೆ ಹಾರಿ, ಮುಂದಕ್ಕೆ ಓಡಿ, ಬಂಪರಿನ ಎದುರು ನಿಂತುಬಿಟ್ಟೆ.

ಬ್ರೇಕು ಕಿರುಚಿತು. ಸತ್ಬೀರ್ ತಲೆ ಹೊರಹಾಕಿ ಕೂಗಿದ: "ಪಾಗಲ್ ಹೋ ಗಯೇ ಹೋ ಕ್ಯಾ?"

"ಹೌದು, ಹುಚ್ಚೇ ಹಿಡಿದಿದೆ! ಮೊದಲು ಅವರು ಇಳೀಲಿ!"

ಹಿಂದಿನ ಗಾಡಿಗಳು ಹಾರನ್ ಬಾರಿಸಿದವು. ಲೀಲಾವತಿ ಕೋಲು ಊರಿ, ಒಂದು ಕಾಲು ಇಟ್ಟು, ಇನ್ನೊಂದು ಇಟ್ಟು ಇಳಿದರು. ಅಷ್ಟಕ್ಕೆ ಹಿಡಿದದ್ದು ಅರ್ಧ ನಿಮಿಷ. ಬಸ್ಸು ನನ್ನನ್ನು ಬಿಟ್ಟೇ ಹೊರಟಿತು.

"ಇಷ್ಟು ಗಲಾಟೆ ಬೇಕಿತ್ತಾ? ಎಲ್ಲರೂ ನನ್ನನ್ನೇ ನೋಡೋ ಹಾಗಾಯ್ತು" ಎಂದರು ಆಕೆ.

"ಅವತ್ತು ತಗಡು ಬಡಿದದ್ದು ನಾನು."

"ಗೊತ್ತು. ಬಾಗಿಲ ಸೀಟು ಇನ್ಯಾರದು?" ಆಕೆ ನನ್ನ ಮುಖ ನೋಡಿದರು. "ಐದು ತಿಂಗಳು ಮಲಗಿದ್ದೆ ಶಂಕರಪ್ಪನವರೇ. ಒಂದಿನ ಬಂದು ಹೇಳ್ತೀರಿ ಅಂದ್ಕೊಂಡಿದ್ದೆ."

ಆಕೆ ಕೋಲು ಊರಿ ಎರಡು ಹೆಜ್ಜೆ ಇಟ್ಟು ನಿಂತರು.

"ನನಗೊಬ್ಬಳಿಗೆ ನಿಲ್ಲಿಸಿದ್ರೆ ಅದು ಉಪಕಾರ. ಆ ಉಪಕಾರ ನನಗೆ ಬೇಡ. ಉದ್ಯೋಗ ಭವನದಲ್ಲಿ ಇಳಿಯೋ ತನ್ವಿ ಏಳು ತಿಂಗಳ ಬಸುರಿ. ಅವಳಿಗ್ಯಾರು ಅಡ್ಡ ನಿಲ್ತಾರೆ?"

ಮಂಗಳವಾರ ಉದ್ಯೋಗ ಭವನದಲ್ಲೂ ಇಳಿದು ಬಂಪರಿಗೆ ಅಡ್ಡ ನಿಂತೆ, ಕೃಷಿ ಭವನದಲ್ಲೂ ನಿಂತೆ. "ಇವರನ್ನ ಇಲ್ಲೇ ಬಿಟ್ಟು ಚಲೋ ಭಯ್ಯಾ!" ಎಂದು ಚಂದ್ರಮೋಹನ ಕಿಟಕಿಯಿಂದ ಅರಚಿದ.

"ನನ್ನ ಮೇಲೆ ಹತ್ತಿಸಿಕೊಂಡು ಹೋಗಿ!"

ಆ ದಿನ ಹಾಜರಿ ಪುಸ್ತಕದಲ್ಲಿ ಬಹಳ ಜನರ ಹೆಸರಿನ ಮುಂದೆ ಕೆಂಪು ಗೆರೆ ಬಿತ್ತು, ನನಗೂ ಬಿತ್ತು. ಸಂಜೆ ಬಸ್ಸಿನಲ್ಲಿ, ಇನ್ನು ಬೆಳಿಗ್ಗೆ ಐದು ನಿಮಿಷ ಮೊದಲೇ ಹೊರಡೋಣ ಎಂದೆ. ಹಿಂದಿನವರು ಇಸ್ಪೀಟು ಹಂಚತೊಡಗಿದರು. ಬುಧವಾರವೂ ಅಡ್ಡ ನಿಂತೆ.

ಗುರುವಾರ ಬಸ್ಸು ಐದು ನಿಮಿಷ ಮೊದಲೇ ಬಂತು. ಉದ್ಯೋಗ ಭವನದಲ್ಲಿ ನಾನು ಏಳುವಷ್ಟರಲ್ಲಿ ಸತ್ಬೀರ್ ಬ್ರೇಕ್ ಒತ್ತಿ, ಗೇರು ತೆಗೆದು, "ಬೈಠೇ ರಹೋ" ಎಂದು ಗದರಿ ನನ್ನನ್ನು ಕೂರಿಸಿದ. ತನ್ವಿ ಹೊಟ್ಟೆ ಹಿಡಿದುಕೊಂಡು ನಿಧಾನವಾಗಿ ಇಳಿದಳು. ಕೃಷಿ ಭವನದಲ್ಲಿ ಲೀಲಾವತಿ ಇಳಿದರು. ಕೊನೆಯ ಸ್ಟಾಪಿನವರೆಗೂ ಯಾರೂ ನನ್ನ ಜೊತೆ ಮಾತಾಡಲಿಲ್ಲ.

ಮಾತಾಡದಿದ್ದರೆ ಬೇಡ.