ಮುಳುಗಿಸಿ ನೋಡಿದ ದೋಣಿ

ಹೊಲಿಗೆಯವಳಿಗೆ ಅರ್ಜೆಂಟಾಗಿ ಒಂದು ಜಾಗ ಬೇಕಿತ್ತು. ಅವಳ ಬಾಡಿಗೆ ಅಂಗಡಿಯಿದ್ದ ಹಳೇ ಕಟ್ಟಡವನ್ನು ತಿಂಗಳ ಕೊನೆಗೆ ಕೆಡವುವುದೆಂದು ನಿರ್ಧಾರವಾಗಿತ್ತು. ಮೂರು ಮಿಷನ್ನು, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಶಾಲೆಯೊಂದರ ಯೂನಿಫಾರಂ ಬಟ್ಟೆಯ ಥಾನುಗಳು, ಇಷ್ಟನ್ನೂ ತಲೆ ಮೇಲೆ ಹೊತ್ತು ತಿರುಗಲು ಆಗುತ್ತದೆಯೇ? ಮನೆಗೆ ಅಂಟಿಕೊಂಡೇ ಒಂದು ಶೆಡ್ಡಿತ್ತು. ರಸ್ತೆಗೆ ಮುಖ, ಬೇಕಾದಷ್ಟು ಬೆಳಕು, ಕರೆಂಟೂ ಇತ್ತು. ಆದರೆ ಅದರೊಳಗೆ ಮಾವನವರ ಮೋಟಾರ್ ದೋಣಿ ಎಂಟು ವರ್ಷದಿಂದ ಕಾಲು ಚಾಚಿ ಮಲಗಿತ್ತು.

ಮೂವತ್ತು ವರ್ಷ ಆ ದೋಣಿಯಲ್ಲಿ ಜನರನ್ನು ಹೊಳೆ ದಾಟಿಸಿದವರು ಮಾವ. ಸೇತುವೆ ಬಂತು, ದೋಣಿ ಶೆಡ್ಡು ಸೇರಿತು. ಬೆಳಗಿನ ಚಹಾವನ್ನು ಅವರು ಈಗಲೂ ಅದರ ಅಂಚಿಗೆ ಒರಗಿಯೇ ಕುಡಿಯುತ್ತಿದ್ದರು. ಸೊಸೆ ಹೆದರುತ್ತ ಹೆದರುತ್ತ ಮಾತು ತೆಗೆದಾಗ, “ರಿಪೇರಿ ಮಾಡಿಸ್ತೀಯೋ, ಒಡೆಸ್ತೀಯೋ, ನಿನ್ನಿಷ್ಟ ಕಣಮ್ಮ” ಎಂದು ಲೋಟ ತೊಳೆಯಲು ಎದ್ದು ಹೋದರು. ಬೈದಿದ್ದರೆ ಅವಳೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದಳು. ನಿನ್ನಿಷ್ಟ ಅಂದವರ ಜೊತೆ ಜಗಳವಾದರೂ ಹೇಗೆ ಆಡುವುದು?

ಬಾಗಿಲು ಕಿಟಕಿ ಮಾಡುವ ಬಡಗಿಯನ್ನು ಕರೆಸಿದಳು. ಆತ ದೋಣಿಯೊಳಗೆ ಕೂತು ಹಲಗೆಗಳ ಸಂದಿಗೆ ಕಣ್ಣಿಟ್ಟ.

“ಎದುರುಮನೆ ಬೆಕ್ಕು ಕಾಣ್ತಿದೆ ಅಕ್ಕ. ಇದರ ಕಥೆ ಮುಗೀತು. ಎರಡು ಬೆಂಚು ಮಾಡ್ಕೋಬಹುದು, ಅಷ್ಟೇ” ಎಂದು ಕೈಯೆತ್ತಿಬಿಟ್ಟ.

ಅವಳ ಗಂಡ ಗೋಡೆಗೆ ಬಣ್ಣ ಬಳಿಯುವವನು. ಅಪ್ಪನ ಮುಖ ಸಣ್ಣಗಾದದ್ದು ಕಂಡು ಅವನಿಗೆ ತಡೆಯಲಾಗಲಿಲ್ಲ. ಒಂದು ಭಾನುವಾರವಿಡೀ ಕೂತು, ದೋಣಿಯ ಪ್ರತಿ ಸಂದಿಗೂ ಗೋಡೆಗೆ ಮೆತ್ತುವ ಪುಟ್ಟಿ ಮೆತ್ತಿ, ಮರಳುಕಾಗದ ಹಾಕಿ ಉಜ್ಜಿ, ಕನ್ನಡಿಯಂತೆ ನುಣುಪು ಮಾಡಿದ. ಆಮೇಲೆ ಅಪ್ಪನನ್ನು ಕೈಹಿಡಿದು ಕರೆತಂದ.

ವಾರದಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದ ಮುದುಕರು ಅವತ್ತು ಬಾಯಿಬಿಟ್ಟರು.

“ಇದೇನು ಗೋಡೆ ಅಂದ್ಕೊಂಡ್ಯಾ? ನೀರು ಕುಡಿದ್ರೆ ಮರ ಊದುತ್ತೆ. ಊದೋಕೆ ಜಾಗ ಎಲ್ಲಿಟ್ಟಿದೀಯ? ಹಲಗೆ ಕಿತ್ಕೊಂಡು ಎದ್ದು ನಿಲ್ಲುತ್ತೆ ಅಷ್ಟೇ.”

“ಹಾಗಾದ್ರೆ ಸಂದಿ ಮುಚ್ಚೋದು ಹೇಗೆ ಅಪ್ಪ?”

“ಮುಳುಗಿಸಬೇಕು. ನಾಲ್ಕು ದಿನ ನೀರಲ್ಲಿ ಬಿಟ್ರೆ ತಾನೇ ಬಿಗಿಯುತ್ತೆ.”

ಗಂಡ ಪಿಳಿಪಿಳಿ ನೋಡಿದ. ಹೊಲಿಗೆಯವಳಿಗೆ ಮಾತ್ರ ಥಟ್ಟನೆ ಅರ್ಥವಾಯಿತು. ಕತ್ತರಿಸುವ ಮೊದಲು ಹತ್ತಿ ಬಟ್ಟೆಯನ್ನು ಅವಳೂ ನೀರಲ್ಲಿ ನೆನೆಹಾಕುವವಳೇ. ನೀರು ಕಂಡಾಗಲೇ ಬಟ್ಟೆಯ ನಿಜವಾದ ಅಳತೆ ಗೊತ್ತಾಗುವುದು.

“ಮುಳುಗಿಸೇ ನೋಡೋಣ ಮಾವ. ತೇಲಿದ್ರೆ ರಿಪೇರಿ, ಇಲ್ಲಾಂದ್ರೆ ಬೆಂಚು” ಎಂದಳು.

ಎರಡು ದಿನ ಮೂವರೂ ಕೂತು ಪುಟ್ಟಿ ಕೆರೆದರು. ಮೂಗು ಹುಬ್ಬೆಲ್ಲ ಬೆಳ್ಳಗಾಗಿ, ಯಾರು ಅಪ್ಪ ಯಾರು ಮಗ ಎಂದು ಗುರುತು ಸಿಗದಂತಾದರು. ಮೂರನೆಯ ದಿನ ಇಂಜಿನ್ ಬಿಚ್ಚಿ ಶೆಡ್ಡಿನಲ್ಲೇ ಇಟ್ಟು, ದೋಣಿಯನ್ನು ಮಾತ್ರ ಟೆಂಪೋದಲ್ಲಿ ಹೊಳೆಗೆ ಸಾಗಿಸಿದರು. ನೀರಿಗೆ ಇಳಿಸಿದ ಕಾಲು ಗಂಟೆಯಲ್ಲಿ ಅದು ಅಂಚಿನವರೆಗೂ ಮುಳುಗಿತು. ದಂಡೆಯಲ್ಲಿ ನಿಂತವರು ಅಯ್ಯೋ ಪಾಪ ಎಂದರು. ಮಾವ ಮಾತ್ರ ಹಗ್ಗ ಕಟ್ಟಿ, ಕೈ ಒರೆಸಿಕೊಂಡು, ಮದುವೆ ಮುಗಿಸಿದವರ ಹಾಗೆ ನಿರಾಳವಾಗಿ ಮನೆಗೆ ನಡೆದರು.

ಹೊಲಿಗೆಯವಳು ಶೆಡ್ಡು ಗುಡಿಸಿದಳು. ಎಷ್ಟು ದೊಡ್ಡ ಜಾಗ! ಕಿಟಕಿಯ ಕೆಳಗೆ ಮೇಜು, ಬಾಗಿಲ ಬಳಿ ಮಿಷನ್ನುಗಳು, ಮನಸ್ಸಿನಲ್ಲೇ ಎಲ್ಲ ಜೋಡಿಸಿಬಿಟ್ಟಳು. ಗುಡಿಸುತ್ತ ಗುಡಿಸುತ್ತ, ದೋಣಿ ತೇಲದಿರಲಿ ದೇವರೇ ಎಂದು ತಾನು ಬೇಡಿಕೊಳ್ಳುತ್ತಿರುವುದು ಗಮನಕ್ಕೆ ಬಂತು. ಅವಳಿಗೆ ತನ್ನ ಮೇಲೇ ನಾಚಿಕೆಯಾಯಿತು. ಆದರೂ ಬೇಡಿಕೊಳ್ಳುವುದು ನಿಲ್ಲಲಿಲ್ಲ.

ದೋಣಿ ಮುಳುಗಿಸಿ ನಾಲ್ಕು ದಿನವಾದ ಮೇಲೆ ಮಾವ, ಸೊಸೆ ಇಬ್ಬರೇ ಹೋಗಿ ಬಕೆಟ್ಟಿನಲ್ಲಿ ನೀರು ಮೊಗೆದು ಚೆಲ್ಲಿದರು. ಮೊಗೆದಷ್ಟೂ ನೀರು ತಗ್ಗುತ್ತ ಹೋಯಿತು, ಹೊಸ ನೀರು ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ದೋಣಿ ಮೈಕೊಡವಿ ಮೇಲೆದ್ದು ತೇಲಿತು. ಮಾವ ಅದರ ನಡುಹಲಗೆಯ ಮೇಲೆ ಕೂತು ಮಕ್ಕಳ ಹಾಗೆ ನಕ್ಕರು. ಅವರ ನಗು ಕಂಡು ಅವಳಿಗೂ ನಗು ಬಂತು. ಜೊತೆಗೇ ಶೆಡ್ಡು ಕೈತಪ್ಪಿತಲ್ಲ ಎಂದೂ ಅನಿಸಿತು. ಕೊಟ್ಟ ಮಾತು ಕೊಟ್ಟದ್ದೇ.

“ಯಾವತ್ತು ಮನೆಗೆ ತರೋಣ ಮಾವ?”

“ಮನೆಗ್ಯಾಕೆ? ಒಣಗಿದ್ರೆ ಮತ್ತೆ ಬಿರುಕು ಬಿಡುತ್ತೆ. ಇನ್ಮೇಲೆ ಇದರ ವಾಸ ನೀರಲ್ಲೇ.”

ಅವಳು ಬಕೆಟ್ಟು ಕೆಳಗಿಟ್ಟಳು. “ಇದು ನಿಮಗೆ ಮೊದಲೇ ಗೊತ್ತಿತ್ತಾ?”

“ಮೂವತ್ತು ವರ್ಷ ಓಡಿಸಿದೀನಿ, ಗೊತ್ತಿರಲ್ವಾ?”

“ತೇಲದೆ ಇದ್ದಿದ್ರೆ?”

“ಆಗ್ಲೂ ಶೆಡ್ಡು ಖಾಲಿನೇ ಅಲ್ವೇನಮ್ಮ” ಎಂದು ಅವರು ಹಗ್ಗದ ಗಂಟು ಬಿಗಿಮಾಡತೊಡಗಿದರು.

ಅವಳು ಬಕೆಟ್ಟು ಮತ್ತೆ ಕೈಗೆತ್ತಿಕೊಂಡಳು. ತಳದಲ್ಲಿ ಉಳಿದಿದ್ದ ನೀರನ್ನೆಲ್ಲ ಮೊಗೆದು ಮುಗಿಸಿದಳು.

“ಇಂಜಿನ್ ರಿಪೇರಿ ಶೆಡ್ಡಲ್ಲೇ ಆಗ್ಲಿ ಮಾವ. ಅರ್ಧ ಜಾಗ ಸಾಕಲ್ವಾ?”

“ಬೇಡ ಕಣಮ್ಮ. ಇಂಜಿನ್ ಎಣ್ಣೆ ಸಿಡಿಯುತ್ತೆ, ಶಾಲೆ ಮಕ್ಕಳ ಬಿಳಿ ಬಟ್ಟೆಗೆಲ್ಲ ಕಲೆಯಾಗುತ್ತೆ.”

“ನಡುವೆ ಪರದೆ ಹೊಲಿದು ಹಾಕ್ತೀನಿ” ಎಂದಳು ಹೊಲಿಗೆಯವಳು. “ನಾಳೆ ಮೆಕ್ಯಾನಿಕ್‌ನ ಕರೆಸಿ.”