ಚುಕ್ಕಿ ಬಿದ್ದ ಸಾಲುಗಳು

“ಮೆಲ್ಲಗೆ ಹೇಳಮ್ಮ, ಇಡೀ ಬೀದಿಗೆ ಕೇಳಿಸಬೇಕಾ?” ಎಂದರು ಸಾಹೇಬರು.

ಮೈಕು ದನಿ ತಗ್ಗಿಸಿದಳು. ಅವಳು ತಗ್ಗಿಸಿದ ದನಿ ಬೇರೆಯವರ ಕೂಗಿಗೆ ಸಮ. ಈ ಅಂಕಿಅಂಶದ ಕಚೇರಿಗೆ ಸೇರಿದ ವಾರದಲ್ಲೇ ಅವಳಿಗೆ ಆ ಹೆಸರು ಅಂಟಿಕೊಂಡಿತ್ತು. ನೇಯ್ಗೆ ಗಿರಣಿಯಲ್ಲಿ ದುಡಿದು ದುಡಿದು ಕಿವಿ ಮಂದವಾದ ತಾಯಿಯ ಜೊತೆ ಮಾತಾಡಿ ಬೆಳೆದ ಗಂಟಲು ಅದು.

ಪರದೆಯ ಮೇಲಿದ್ದದ್ದು ಅದೇ ಗಿರಣಿಯ ಫೈಲು, ಕೆಲಸಗಾರರ ಕಿವಿ ಪರೀಕ್ಷೆಯದು. ಒಬ್ಬೊಬ್ಬರಿಗೂ ಒಂದು ಸಾಲು: ನಂಬರು, ವಿಭಾಗ, ಎಷ್ಟು ವರ್ಷದ ದುಡಿಮೆ, ಪರೀಕ್ಷೆಯ ತಾರೀಖು, ಕೊನೆಗೆ ಎಷ್ಟು ಜೋರಾದಾಗ ಶಬ್ದ ಕೇಳಿಸಿತು ಎಂಬ ಅಂಕಿ. ನಡುನಡುವೆ ಕಾಮಾಗಳು. ಅಂಕಿ ದೊಡ್ಡದಾದಷ್ಟೂ ಕಿವಿ ಮಂದ. ಸಾಫ್ಟ್‌ವೇರ್ ಇಡೀ ಫೈಲನ್ನು ಗಬಕ್ಕನೆ ನುಂಗಿ ಸರಾಸರಿ ಹೇಳಿತ್ತು. ಸರಾಸರಿ ಬಹಳ ಚೆನ್ನಾಗಿತ್ತು. ವರದಿ ಹೀಗೇ ಹೋದರೆ ಗಿರಣಿಯವರು ಮಗ್ಗಗಳ ಸದ್ದು ಅಡಗಿಸುವ ಗೋಜಿಗೆ ಹೋಗಬೇಕಿಲ್ಲ, ಯಾರಿಗೂ ಬೇರೆ ಕೆಲಸ ಕೊಡಬೇಕಿಲ್ಲ.

ಆದರೆ ಕೊನೆಯ ಅಂಕಣದಲ್ಲಿ ಅಲ್ಲಲ್ಲಿ ಅಂಕಿಯ ಜಾಗದಲ್ಲಿ ಚುಕ್ಕಿ ಕೂತಿತ್ತು. ಕಾಮಾದ ಆಚೆ ಏನೂ ಇಲ್ಲದಿದ್ದರೆ ಸಾಫ್ಟ್‌ವೇರ್ ಅಲ್ಲಿ ಚುಕ್ಕಿ ಇಡುತ್ತದೆ, ಆ ಸಾಲನ್ನು ಸರಾಸರಿಯಿಂದ ಕೈಬಿಡುತ್ತದೆ.

“ಚುಕ್ಕಿ ಅಂದ್ರೆ ಪರೀಕ್ಷೆಗೆ ಬಂದಿಲ್ಲ ಅಂತ. ಅಷ್ಟೇ,” ಎಂದರು ಸಾಹೇಬರು.

“ತಾರೀಖು ಇದೆಯಲ್ಲ ಸರ್? ಬಂದಿದ್ದಾರೆ. ಎಲ್ಲಾ ಮಗ್ಗದ ಹಾಲ್‌ನವರೇ, ಎಲ್ಲಾ ಹಳಬರೇ.”

“ನಾಳೆ ಗಿರಣಿ ಮ್ಯಾನೇಜರು ಬರ್ತಾರೆ. ಇಲ್ಲದ ತಲೆನೋವು ತಂದಿಡಬೇಡ.”

ಸಂಜೆ ಅಮ್ಮ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಮೈಕು ಎದುರಿಗೆ ಕೂತು ಎಂದಿನಂತೆ ಕೂಗಿ ಕೇಳಿದಳು.

“ಅಮ್ಮಾ, ಕಿವಿ ಪರೀಕ್ಷೇಲಿ ಏನಾಯ್ತು?”

“ಏನಾಗುತ್ತೆ? ಹೆಡ್‌ಫೋನ್ ಹಾಕಿದ್ರು. ಶಿಳ್ಳೆ ಕೇಳಿಸಿದ್ರೆ ಗುಂಡಿ ಒತ್ತಿ ಅಂದ್ರು. ಕಾದೆ, ಕಾದೆ, ಶಿಳ್ಳೆ ಬರಲೇ ಇಲ್ಲ. ಮಷೀನು ಕೆಟ್ಟಿತ್ತು ಕಣೇ. ಪಾಪ, ಆ ನರ್ಸಿಗೆ ಬೇಜಾರಾಗಬಾರದು ಅಂತ ನಕ್ಕು ಎದ್ದು ಬಂದೆ.”

“ಬೇರೆಯವರಿಗೆ?”

“ನಮ್ಮ ಹಾಲ್‌ನಲ್ಲಿ ಸುಮಾರು ಜನಕ್ಕೆ ಹಂಗೇ ಆಯ್ತಂತೆ. ಪ್ಯಾಕಿಂಗ್‌ನವರ ಸರದಿ ಬಂದಾಗ ಮಾತ್ರ ಸರಿಹೋಗಿತ್ತು, ಹಾಳು ಮಷೀನು.”

ಮೈಕು ನೀರು ಕುಡಿಯುವ ನೆಪದಲ್ಲಿ ಎದ್ದು, ಬೆನ್ನು ತಿರುಗಿಸಿ, ಗಂಟಲು ಬಿರಿಯುವಷ್ಟು ಜೋರಾಗಿ “ಅಮ್ಮಾ” ಎಂದಳು. ಪಕ್ಕದ ಮನೆಯ ಕಿಟಕಿ ತೆರೆದುಕೊಂಡಿತು. ಅಮ್ಮ ಟವೆಲ್ಲಿನ ಅಂಚು ಸರಿಮಾಡುತ್ತಲೇ ಇದ್ದಳು.

ಹಾಗಾದರೆ ಇಷ್ಟು ದಿನ ಅಮ್ಮ ಓದುತ್ತಿದ್ದದ್ದು ತುಟಿಯನ್ನು. ತಾನು ಗಂಟಲು ಹರಿದುಕೊಂಡದ್ದೆಲ್ಲ ದಂಡ. ಅಳು ಬರುವ ಮೊದಲೇ ಸಿಟ್ಟು ಬಂತು. ಮೈಕು ಅಮ್ಮನ ಮುಂದೆ ಮಂಡಿಯೂರಿ, ಮೊದಲ ಸಲ ದನಿಯೇ ಇಲ್ಲದೆ, ತುಟಿಯಲ್ಲಷ್ಟೇ ಹೇಳಿದಳು.

“ಮಷೀನು ಕೆಟ್ಟಿರಲಿಲ್ಲಮ್ಮ.”

ಅಮ್ಮ ಮಡಿಸಿದ ಟವೆಲ್ಲನ್ನು ಬಿಚ್ಚಿ ಮತ್ತೆ ಮಡಿಸಿದಳು.

“ನಕ್ಕು ಎದ್ದು ಬಂದೆನಲ್ಲೇ ನಾನು,” ಎಂದಳು ಕೊನೆಗೆ.

ಬೆಳಿಗ್ಗೆ ಮೈಕು ಆಫೀಸಿಗೆ ಹೋದವಳೇ ಪರೀಕ್ಷೆ ಮಾಡಿದ ನರ್ಸಿಗೆ ಫೋನು ಮಾಡಿದಳು. “ಎಲ್ಲಕ್ಕಿಂತ ಜೋರಿನ ಶಬ್ದಕ್ಕೂ ಒತ್ತದಿದ್ರೆ ಬರೆಯೋಕೆ ಅಂಕಿ ಎಲ್ಲಿದೆ? ಖಾಲಿ ಬಿಟ್ಟೆ,” ಎಂದಳು ನರ್ಸು. ಮೈಕು ಫೈಲನ್ನು ಹೊಸದಾಗಿ ಒಳಗೆ ತಂದಳು. ಈ ಸಲ ಖಾಲಿ ಜಾಗಕ್ಕೆ ಚುಕ್ಕಿ ಇಡಗೊಡಲಿಲ್ಲ. ಆ ಸಾಲುಗಳಿಗೆಲ್ಲ ಬೇರೆ ಗುಂಪು ಮಾಡಿ, ‘ಯಾವ ಶಬ್ದವೂ ಕೇಳಿಸದವರು’ ಎಂದು ಹೆಸರು ಕೊಟ್ಟಳು. ಮಗ್ಗದ ಹಾಲ್‌ನ ಹಳಬರಲ್ಲಿ ಅರ್ಧಕ್ಕರ್ಧ ಜನ ಆ ಗುಂಪಿಗೆ ಬಂದು ಬಿದ್ದರು.

ಸಭೆಯಲ್ಲಿ ಅದನ್ನೇ ಗೋಡೆಯ ಮೇಲೆ ಮೂಡಿಸಿದಾಗ ಸಾಹೇಬರ ಮುಖ ಹುಳ್ಳಗಾಯಿತು.

“ಇವಳ ತಾಯಿ ನಿಮ್ಮಲ್ಲೇ ಇದ್ದಾರೆ,” ಎಂದರು ಮ್ಯಾನೇಜರಿಗೆ, ಇಷ್ಟಕ್ಕೆಲ್ಲ ಅದೇ ಕಾರಣ ಎಂಬಂತೆ.

“ಹೌದು ಸರ್, ನಮ್ಮಮ್ಮಂದೂ ಒಂದು ಚುಕ್ಕಿ. ಅದನ್ನ ತೆಗೆದುಹಾಕಿ ನೋಡಿ. ಉಳಿದವರಿಗೆ ಕಿವಿ ಬರುತ್ತಾ?”

“ಮೆಲ್ಲಗೆ ಮಾತಾಡಮ್ಮ.”

“ಇಲ್ಲ ಸರ್.”

ಮ್ಯಾನೇಜರು ಗಂಟಲು ಸರಿಮಾಡಿಕೊಂಡರು. “ಗುಂಡಿ ಒತ್ತೋದು ಹೇಗೆ ಅಂತ ಗೊತ್ತಾಗಿರಲಿಕ್ಕಿಲ್ಲ.”

“ದಿನವಿಡೀ ನಿಮ್ಮ ಮಗ್ಗದ ಗುಂಡಿ ಒತ್ತೋರಿಗಾ?”

“ನಿನ್ನ ಕೆಲಸ ಮುಂದುವರಿಸೋ ಕಾಗದಕ್ಕೆ ನಾನಿನ್ನೂ ಸಹಿ ಹಾಕಿಲ್ಲ, ನೆನಪಿರಲಿ,” ಎಂದರು ಸಾಹೇಬರು. “ನೆನಪಿದೆ ಸರ್. ವರದಿಗೆ ಮೊದಲು ಅವರನ್ನೆಲ್ಲ ಇನ್ನೊಂದು ಸಲ ಕರೆಸಿ. ಇವರ ಎದುರಿಗೇ ಆಗಲಿ,” ಎಂದು ಮೈಕು ಮ್ಯಾನೇಜರ ಕಡೆ ಕೈ ತೋರಿಸಿದಳು. ಒಲ್ಲೆ ಎಂದರೆ ಚೆನ್ನಾಗಿರುವುದಿಲ್ಲ ಎಂದು ಮ್ಯಾನೇಜರಿಗೂ ಅನ್ನಿಸಿರಬೇಕು. ಆಗಲಿ ಎಂದರು.

ಗಿರಣಿಯ ಹಿಂದಿನ ಸಣ್ಣ ಕೋಣೆಯಲ್ಲಿ ಮೊದಲ ಸರದಿ ಅಮ್ಮನದು. ಬಾಗಿಲ ಬಳಿ ಮ್ಯಾನೇಜರು, ಅವರ ಪಕ್ಕದಲ್ಲಿ ಮೈಕು, ಹಿಂದೆ ಮಗ್ಗದ ಹಾಲ್‌ನ ಹೆಂಗಸರು, ಗಂಡಸರು. ಅಮ್ಮ ಹೆಡ್‌ಫೋನ್ ಹಾಕಿಕೊಂಡು ಗುಂಡಿಯ ಮೇಲೆ ಹೆಬ್ಬೆರಳಿಟ್ಟು ಕೂತಳು. ನರ್ಸು ಶಬ್ದ ಏರಿಸುತ್ತಾ ಹೋದಳು. ಕೊನೆಕೊನೆಗೆ ಹೆಡ್‌ಫೋನಿನ ಸಂದಿಯಿಂದ ಸೋರಿದ ಶಿಳ್ಳೆ ಬಾಗಿಲವರೆಗೂ ಬಂತು. ಮ್ಯಾನೇಜರು ಬೆಚ್ಚಿ ತಲೆಯೆತ್ತಿದರು. ಅಮ್ಮನ ಹೆಬ್ಬೆರಳು ಅಲುಗಲಿಲ್ಲ.

ಆಯಿತು, ಏಳಿ ಎಂದು ನರ್ಸು ಕೈಸನ್ನೆ ಮಾಡಿದಳು.

ಅಮ್ಮ ನಗಲಿಲ್ಲ, ಏಳಲೂ ಇಲ್ಲ. “ಬರೀರಿ. ನೀವು ಬರೆದದ್ದನ್ನ ನೋಡಿ ಏಳ್ತೀನಿ,” ಎಂದಳು. ಅವಳ ದನಿಗೆ ಗೋಡೆಗೆ ಒರಗಿಸಿದ್ದ ತಗಡು ನಡುಗಿತು.

ನರ್ಸು ಮ್ಯಾನೇಜರ ಮುಖ ನೋಡಿದಳು. ಆಮೇಲೆ ಪರದೆಯನ್ನು ಅಮ್ಮನ ಕಡೆಗೆ ತಿರುಗಿಸಿ, ಅವಳ ಸಾಲಿನ ಖಾಲಿ ಜಾಗದ ಮೇಲೆ ಬೆರಳಿಟ್ಟು, ನಿಧಾನವಾಗಿ ‘ಯಾವ ಶಬ್ದವೂ ಕೇಳಿಸಲಿಲ್ಲ’ ಎಂದು ಅಕ್ಷರ ಒತ್ತತೊಡಗಿದಳು.